ನೆಲ ನೋಡಿ ಸಿನಿಮಾ ಹೇಳುವ ಚೌಡಮ್ಮ

ಗುರುವಾರ ಬೆಳಗಿನ ಆರೂವರೆ. ಶಿವಮೊಗ್ಗ ಬಸ್ ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆಯಲ್ಲಿರುವ ಹಳೆಯ ಚಿತ್ರಮಂದಿರದ ವರಾಂಡದಲ್ಲಿ ಮೂರು ಪ್ಲಾಸ್ಟಿಕ್ ಟಬ್. ಒಂದರಲ್ಲಿ ಸೋಪಿನ ನೀರು, ಎರಡರಲ್ಲಿ ಬರೀ ನೀರು. ಮಧ್ಯಾಹ್ನದ ತ್ರೀಡಿ ಆಟಕ್ಕೆ ಬೇಕಾದ ನಾನೂರು ಕಪ್ಪು ಕನ್ನಡಕಗಳನ್ನು ಚೌಡಮ್ಮ ಒಂದೊಂದಾಗಿ ಅದ್ದಿ, ಹಳೆಯ ಪಂಚೆಯ ತುಂಡಿನಲ್ಲಿ ಒರೆಸಿ ಸಾಲಾಗಿ ಇಡುತ್ತಿದ್ದಾರೆ. ನಾಳೆಯೂ ಈ ಕೆಲಸ ಇರುತ್ತದೆಯೋ ಇಲ್ಲವೋ ಅವರಿಗೆ ಗೊತ್ತಿಲ್ಲ. ಬೆಳಗಿನ ಆಟ ಉಳಿಯುತ್ತದೆಯೇ ಎಂಬುದು ಇವತ್ತು ತೀರ್ಮಾನವಾಗಬೇಕು. ಅದು ನಿಂತರೆ ರಾತ್ರಿ ಪಾಳಿಯವರೇ ಎಲ್ಲ ತೊಳೆದು ಗುಡಿಸಿ ಹೋಗುತ್ತಾರೆ. ಚೌಡಮ್ಮನ ಪಾಳಿಯೇ ಇರುವುದಿಲ್ಲ.

ಅವರ ಊರು ಭದ್ರಾವತಿ, ವಯಸ್ಸು ಐವತ್ನಾಲ್ಕು. ಗಂಡ ಪುಟ್ಟಯ್ಯನಿಗೆ ಮಾಚೇನಹಳ್ಳಿಯ ವರ್ಕ್‌ಶಾಪೊಂದರಲ್ಲಿ ಕೆಲಸ. ಬೆಳಿಗ್ಗೆ ಇಬ್ಬರೂ ಒಂದೇ ಬಸ್ಸು ಹತ್ತುತ್ತಾರೆ, ಪುಟ್ಟಯ್ಯ ನಡುದಾರಿಯಲ್ಲಿ ಇಳಿಯುತ್ತಾರೆ. ಇಳಿಯುವಾಗ ದಿನಾ ಒಂದು ಮಾತು ಎಸೆಯದೆ ಹೋಗುವವರಲ್ಲ: "ಗುಡಿಸಕ್ಕೆ ಹೋಗ್ತಿದ್ದೀಯೋ ಸಿನಿಮಾ ನೋಡಕ್ಕೋ, ಮಾರಾಯ್ತಿ?"

ಸಿನಿಮಾ ನೋಡುವುದೂ ಸುಳ್ಳಲ್ಲ. ಆಟ ಮುಗಿಯುವ ಹದಿನೈದು ನಿಮಿಷ ಮೊದಲೇ ಚೌಡಮ್ಮ ಪೊರಕೆ ಹಿಡಿದು ಬಾಗಿಲ ಪರದೆಯ ಹಿಂದೆ ನಿಂತಿರಬೇಕು. ಹನ್ನೊಂದು ವರ್ಷಗಳಲ್ಲಿ ಅವರು ನೂರಾರು ಸಿನಿಮಾಗಳ ಕೊನೆಯನ್ನು ನೋಡಿದ್ದಾರೆ. ಮೊದಲನ್ನು ಆರುನೂರ ಹನ್ನೆರಡು ಸೀಟುಗಳ ಕೆಳಗಿನ ಕಸ ಹೇಳುತ್ತದೆ.

ದೆವ್ವದ ಸಿನಿಮಾ ಆದರೆ ತುಂಬಿದ ಪಾಪ್‌ಕಾರ್ನ್ ಡಬ್ಬಿಯೇ ನೆಲಕ್ಕೆ ಚೆಲ್ಲಿರುತ್ತದೆ, ಒಂಟಿ ಚಪ್ಪಲಿಯೂ ಸಿಕ್ಕಿದ್ದುಂಟು. ಆದರೂ ಆ ಸಿನಿಮಾಗಳು ಅವರಿಗೆ ಅಷ್ಟಾಗಿ ಹಿಡಿಸಿಲ್ಲ. "ನಮ್ಮ ಕಡೆ ಗಾಳಿ ಮೆಟ್ಕೊಂಡ್ರೆ, ಏನಮ್ಮ ಬೇಕು ನಿಂಗೆ ಅಂತ ಕೇಳ್ತೀವಿ. ಅಲ್ಲಿ ಒಬ್ರೂ ಕೇಳಲ್ಲ, ಓಡ್ತಾರೆ. ಅದೂ ಬಾಗಿಲ ಕಡೆಗಲ್ಲ, ಅಟ್ಟದ ಕಡೆಗೆ!"

ಕಾಮಿಕ್ಸ್ ಪುಸ್ತಕದಿಂದ ಎದ್ದು ಬಂದ ಶೂರರ ಸಿನಿಮಾ ಎಂದರೆ ಕನ್ನಡಕದ ತುಂಬ ಮಕ್ಕಳ ಬೆಣ್ಣೆ ಬೆರಳಿನ ಗುರುತು. ಆ ಶೂರರ ಮೇಲೆ ಚೌಡಮ್ಮನಿಗೆ ಪ್ರೀತಿ ಇದೆ, ದೂರೂ ಇದೆ. "ಊರು ಉಳಿಸ್ತೀನಿ ಅಂತ ಹಾರ್ಕೊಂಡು ಬಂದು ಅರ್ಧ ಊರು ಒಡೆದು ಹಾಕ್ತಾನೆ. ಒಳ್ಳೆಯವನೇ, ಇಲ್ಲ ಅನ್ನಲ್ಲ. ಆದ್ರೆ ಆಮೇಲೆ ಗುಡಿಸೋರು ಯಾರು? ಇಷ್ಟು ವರ್ಷದಲ್ಲಿ ಒಂದು ಸಿನಿಮಾದಲ್ಲೂ ತೋರ್ಸಿಲ್ಲ."

ಹೋದ ವಾರ ಬೆಳಗಿನ ಆಟಕ್ಕೆ ಹಳೆಯ ಸಿನಿಮಾವೊಂದು ಮತ್ತೆ ಬಂತು. ರವೀಂದ್ರನಗರದಿಂದ ಬರುವ ಕಾಲೇಜು ಹುಡುಗಿ ಮೈತ್ರಿ ಅದನ್ನು 'ಕಲ್ಟ್ ಸಿನಿಮಾ' ಎಂದಳು. ಚೌಡಮ್ಮನ ಕಿವಿಗೆ ಅದು 'ಕಲ್ತ ಸಿನಿಮಾ' ಎಂದು ಬಿತ್ತು. ಪರದೆಯ ಹಿಂದೆ ನಿಂತು ನೋಡಿದರೆ ಹಾಗೇ ಇತ್ತು: ತೆರೆಯ ಮೇಲಿನವರು ಬಾಯಿ ತೆರೆಯುವ ಮೊದಲೇ ಕೂತವರೆಲ್ಲ ಮಾತು ಒಪ್ಪಿಸುತ್ತಿದ್ದರು. ಚೌಡಮ್ಮನಿಗೆ ಚಿಕ್ಕಂದಿನ ಶ್ರಾವಣ ನೆನಪಾಯಿತು. ಪುರಾಣ ಓದುವ ಅಯ್ಯನವರು ಪದ್ಯವನ್ನು ಅರ್ಧಕ್ಕೆ ನಿಲ್ಲಿಸಿ ಉಸಿರೆಳೆದುಕೊಂಡರೆ, ಅಕ್ಷರ ಬಾರದ ಅಜ್ಜಿ ಉಳಿದರ್ಧವನ್ನು ಮೆಲ್ಲಗೆ ಹೇಳಿ ಕೈ ಮುಗಿಯುತ್ತಿದ್ದಳು. ಕಲ್ಟ್ ಎಂದರೆ ಬೇರೆ, ಕೆಲವರು ಹುಚ್ಚು ಹಚ್ಚಿಕೊಂಡು ಮತ್ತೆ ಮತ್ತೆ ನೋಡುವ ಸಿನಿಮಾ ಎಂದು ಮೈತ್ರಿ ತಿದ್ದಿದಳು. ಚೌಡಮ್ಮ ತಿದ್ದಿಕೊಳ್ಳಲಿಲ್ಲ. ಈಗ ಮೈತ್ರಿಯ ಗೆಳತಿಯರೇ 'ಕಲ್ತ ಸಿನಿಮಾ' ಎನ್ನುತ್ತಾರೆ.

ಆದರೆ ಬರುತ್ತಿದ್ದವರು ನಲವತ್ತೇ ಜನ. ಮೂರನೆಯ ದಿನ ಮ್ಯಾನೇಜರ್ ವಿಶ್ವಾರಾಧ್ಯ, ಆ ಸಿನಿಮಾ ತೆಗೆದು ಬೆಳಗಿನ ಆಟವನ್ನೇ ಮುಚ್ಚುವುದಾಗಿ ಹೇಳಿದರು. ಎಂದೂ ಕ್ಯಾಬಿನ್ನಿನ ಹೊಸ್ತಿಲು ದಾಟದ ಚೌಡಮ್ಮ ಅವತ್ತು ಒಳಗೆ ಹೋಗಿ ನಿಂತರು.

"ಸಾರ್, ಅದು ದಿನಾ ಬೇರೆ ನಲವತ್ತು ಜನ ಅಲ್ಲ. ಅದೇ ನಲವತ್ತು ಜನ."

ಹಾಗಾದರೆ ಇನ್ನೂ ಕೆಟ್ಟಿತಲ್ಲ ಎಂದು ಮ್ಯಾನೇಜರ್ ನಕ್ಕರು. ಚೌಡಮ್ಮ ಸೆರಗಿನ ಗಂಟು ಬಿಚ್ಚಿ ಮೇಜಿನ ಮೇಲೆ ಒಂದು ಹಿಡಿ ಕಾಗದ ಇಟ್ಟರು. ಗಂಟಲು ನೋವಿಗೆ ಚೀಪುವ ಮಾತ್ರೆಯ ಕಾಗದಗಳು. ಮೂರು ದಿನವೂ ಎಚ್ ಸಾಲಿನ ಕೆಳಗೆ ಇವೇ ಸಿಕ್ಕಿದ್ದವು. ಪಾಪ್‌ಕಾರ್ನಿನ ಒಂದು ಅರಳೂ ಇರಲಿಲ್ಲ.

"ಹೇಳಿ ಹೇಳಿ ಗಂಟಲು ಕಟ್ಟಿದೆ, ಆದ್ರೂ ಬಂದಿದ್ದಾರೆ. ಕಲ್ತೋರು ಸುಮ್ನಿರಲ್ಲ ಸಾರ್. ಇನ್ನೊಬ್ರಿಗೆ ಕಲಿಸಕ್ಕೆ ಕರ್ಕೊಂಡು ಬರ್ತಾರೆ. ಸ್ವಲ್ಪ ದಿನ ಬಿಡಿ."

ವಿಶ್ವಾರಾಧ್ಯ ಕಾಗದಗಳನ್ನು ಮೇಜಿನ ಮೇಲೆ ಹರಡಿ ಎಣಿಸಿದರು. ಗುರುವಾರದವರೆಗೆ ನೋಡೋಣ ಎಂದರು. ಮರುದಿನ ನಲವತ್ತು ಐವತ್ತೆಂಟಾಯಿತು, ಆಚೆ ದಿನ ತೊಂಬತ್ತು. ಪ್ರತಿ ಆಟ ಮುಗಿದ ಮೇಲೂ ಚೌಡಮ್ಮ ಗುಡಿಸುವ ಮೊದಲು ಬಗ್ಗಿ ನೋಡುತ್ತಿದ್ದರು. ಮಾತ್ರೆಯ ಕಾಗದ ಎಚ್ ಸಾಲಿನಿಂದ ಎಂ ಸಾಲಿಗೆ ಹಬ್ಬಿತ್ತು.

ಈ ಗುರುವಾರ ಬೆಳಗಿನ ಆಟಕ್ಕೆ ನೂರಾ ಎಪ್ಪತ್ತು ಜನ. ಮಧ್ಯಾಹ್ನ ಒಂದೂವರೆಗೆ ಚೌಡಮ್ಮ ಒದ್ದೆ ಬಟ್ಟೆ ಹಿಡಿದು ಗೇಟಿನ ಬಳಿಯ ಕಪ್ಪು ಹಲಗೆಯ ಮುಂದೆ ನಿಲ್ಲುತ್ತಾರೆ. ವಾರದ ಆಟಗಳನ್ನೆಲ್ಲ ಅಳಿಸುವುದು ಪ್ರತಿ ಗುರುವಾರದ ಅವರ ಕೆಲಸ. ವಿಶ್ವಾರಾಧ್ಯ ಮೆಟ್ಟಿಲ ಮೇಲಿನಿಂದಲೇ ಹೇಳುತ್ತಾರೆ, "ಮೇಲಿನ ಸಾಲು ಹಾಗೇ ಬಿಡಿ, ಚೌಡಮ್ಮ."

ಅವರು ತಲೆಯಾಡಿಸುತ್ತಾರೆ. ಕೆಳಗಿನ ಮೂರು ಸಾಲುಗಳನ್ನು ಅಳಿಸುತ್ತಾರೆ. ಆಮೇಲೆ ಟಿಕೆಟ್ ಕೌಂಟರಿನಿಂದ ಸೀಮೆಸುಣ್ಣ ಕೇಳಿ ತಂದು, ನಾಲ್ಕನೇ ಕ್ಲಾಸು ಓದಿದ ಕೈಯಲ್ಲಿ, ಮೇಲಿನ ಸಾಲಿನ 'ಬೆಳಿಗ್ಗೆ ೧೦.೩೦' ಎಂಬುದರ ಮೇಲೆ ನಿಧಾನವಾಗಿ ಇನ್ನೊಮ್ಮೆ ತಿದ್ದುತ್ತಾರೆ.

"ಮಾಸಿತ್ತು ಸಾರ್," ಎನ್ನುತ್ತಾರೆ. "ದೂರದಿಂದ ಬರೋರಿಗೆ ಕಾಣ್ಬೇಕು."