ರಕ್ತದ ಗದ್ದಲದೊಳಗಿನ ಸಣ್ಣ ಸದ್ದು

ಬೀದಿಯ ಮಕ್ಕಳಿಗೆಲ್ಲ ಆಕೆ ‘ಫಿಸಿಕ್ಸ್ ಮಿಸ್ಸು’. ನಲವತ್ತು ದಾಟಿದ ಮೇಲೆ ಶಾಲೆಯ ಕೆಲಸ ಬಿಟ್ಟು, ಮಗಳು ಓದುತ್ತಿದ್ದ ವಿಶ್ವವಿದ್ಯಾಲಯದಲ್ಲೇ ಸಂಶೋಧನೆಗೆ ಸೇರಿಕೊಂಡರು. ಮೊದಮೊದಲು ಮಗಳು ಗುರುತೇ ಇಲ್ಲದವಳಂತೆ ಪಕ್ಕಕ್ಕೆ ಸರಿದು ಹೋಗುತ್ತಿದ್ದಳು. ಒಂದು ಮಳೆಯ ಸಂಜೆ ಛತ್ರಿ ಬೇಕಾದಾಗ ಸಂಬಂಧ ನೆನಪಾಯಿತು.

“ಅಲ್ಲಿ ಅದೇನೇ ಮಾಡ್ತೀಯ ದಿನಾ?” ಕಿತ್ತಳೆ ಸುಲಿಯುತ್ತ ಅತ್ತೆ ಕೇಳಿದರು.

“ಇಲಿ ಮೈಮೇಲೆ ಲೇಸರ್ ಬೆಳಕು ಮಿಂಚಿಸ್ತೀವಿ ಅತ್ತೆ. ಬೆಳಕು ಹೀರಿಕೊಂಡ ಜಾಗ ಚೂರು ಬಿಸಿಯಾಗಿ ಉಬ್ಬುತ್ತೆ, ಸದ್ದು ಮಾಡುತ್ತೆ. ಆ ಸದ್ದು ಹಿಡಿದು ಒಳಗಿನ ಚಿತ್ರ ಬಿಡಿಸೋದು. ಆದ್ರೆ ರಕ್ತದ್ದೇ ದೊಡ್ಡ ಗಲಾಟೆ, ಕ್ಯಾನ್ಸರ್ ಗಡ್ಡೆಯ ಸದ್ದು ಕೇಳಿಸೋದೇ ಇಲ್ಲ.”

“ಮತ್ತೆ?”

“ಗಡ್ಡೆಯ ಜೀವಕೋಶದಲ್ಲಿ ಒಂದು ಪ್ರೋಟೀನ್ ಇಟ್ಟಿದೀವಿ. ಒಂದು ಬಣ್ಣದ ಬೆಳಕು ಬಿದ್ರೆ ಅದರ ಸದ್ದು ಏಳುತ್ತೆ, ಇನ್ನೊಂದಕ್ಕೆ ಅಡಗುತ್ತೆ. ರಕ್ತ ಯಾವಾಗ್ಲೂ ಒಂದೇ ಥರ. ಒಂದು ಚಿತ್ರದಿಂದ ಇನ್ನೊಂದನ್ನ ಕಳೆದ್ರೆ ರಕ್ತ ಮಾಯ, ಗಡ್ಡೆ ಮಾತ್ರ ಉಳಿಯುತ್ತೆ.”

“ಥೇಟ್ ನಿಮ್ಮಾವ! ನನ್ನ ಕಂಡ್ರೆ ಗಪ್‌ಚುಪ್, ನೆಂಟರು ಬಂದ್ರೆ ಶುರು.”

“ಕೇಳಿಸ್ತು!” ಎಂದರು ಮಾವ, ಪಕ್ಕದ ಕೋಣೆಯಿಂದ.

ಹೇಳಿದಷ್ಟು ಸುಲಭವಾಗಿರಲಿಲ್ಲ ಕೆಲಸ. ಚರ್ಮದ ಕೆಳಗೇ ಇದ್ದ ಗಡ್ಡೆ ಚೆನ್ನಾಗಿ ಕಂಡಿತು. ಹೊಟ್ಟೆಯ ಆಳದಲ್ಲಿದ್ದದ್ದು ಸುಳಿವೇ ಕೊಡಲಿಲ್ಲ. ನೆಲಮಾಳಿಗೆಯ ಕಪ್ಪು ಪರದೆಗಳ ನಡುವೆ ತಿಂಗಳುಗಟ್ಟಲೆ ಹೆಣಗಿದರು. ಸಂಶೋಧನೆಯ ಗೈಡ್ ಆಕೆಗಿಂತ ವಯಸ್ಸಿನಲ್ಲಿ ಚಿಕ್ಕವರು, ಚುರುಕಿನವರು. ಅವರಿಗೂ ದಿಕ್ಕು ತೋಚಲಿಲ್ಲ.

“ಪ್ರೋಟೀನೇ ಬದಲಾಯಿಸೋಣ್ವಾ?” ಗೈಡ್ ಕೇಳಿದರು.

“ಒಂದೇ ಒಂದ್ಸಲ ನಿಧಾನವಾಗಿ ನೋಡೋಣ ಮೇಡಂ. ಆಳಕ್ಕೆ ಇಳಿಯೋ ಬೆಳಕೇ ಕಮ್ಮಿ. ಪ್ರೋಟೀನ್ ಪೂರ್ತಿ ಬದಲಾಗೋಕೆ ಮುಂಚೆನೇ ನಾವು ಬಣ್ಣ ಬದಲಾಯಿಸ್ತಿದೀವೇನೋ.”

“ಬೆಳಕು ಜಾಸ್ತಿ ಹೊತ್ತು ಬಿಟ್ರೆ ಇಲಿ ಬಿಸಿಯಾಗಲ್ವಾ?”

ಅದಕ್ಕೂ ಇಬ್ಬರೂ ಕೂತು ದಾರಿ ಹುಡುಕಿದರು: ಬೆಳಕನ್ನು ತಗ್ಗಿಸುವುದು, ಬಣ್ಣ ಬದಲಾಯಿಸುವ ಮುಂಚೆ ಕಾಯುವ ಹೊತ್ತನ್ನು ಹೆಚ್ಚಿಸುವುದು. ಯಂತ್ರಕ್ಕಾಗಿ ಸರದಿಯಲ್ಲಿದ್ದವರು ಗೊಣಗಿದರು. ಮಿಸ್ಸು ಅವರಿಗೆಲ್ಲ ಬಿಸ್ಕತ್ತು ಹಂಚಿ ಬಾಯಿ ಮುಚ್ಚಿಸಿದರು.

ಮದ್ದಿನಲ್ಲಿ ನಿದ್ದೆಹೋದ ಇಲಿ ಬೆಚ್ಚಗಿನ ನೀರಿನ ತೊಟ್ಟಿಗೆ ಹೊದಿಸಿದ ತೆಳು ಹಾಳೆಯ ಮೇಲೆ ಮಲಗಿತ್ತು. ಬೆಳಕಿನ ಬಣ್ಣ ಬದಲಾಯಿತು, ಮತ್ತೆ ಬದಲಾಯಿತು. ಕಂಪ್ಯೂಟರ್ ಪರದೆಯ ಮೇಲಿದ್ದ ರಕ್ತನಾಳಗಳೆಲ್ಲ ಅಳಿಸಿಹೋಗಿ, ಹೊಟ್ಟೆಯ ಆಳದಲ್ಲಿ ಅಕ್ಕಿಕಾಳಿನಷ್ಟು ಬೆಳಕು ಉಳಿಯಿತು.

ಗೈಡ್ ಕಿಟಾರನೆ ಕಿರುಚಿದರು. ಮಿಸ್ಸು ಸ್ಟೂಲಿನ ಮೇಲೆ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ಇನ್ನೊಂದ್ಸಲ ಮಾಡಿ ನೋಡೋಣ್ವಾ?”

“ಖಂಡಿತ ಮೇಡಂ. ಮೊದ್ಲು ಊಟ.”

ಊಟ ಮುಗಿಸಿ ಬಂದು ಮತ್ತೆ ಮಾಡಿದರು. ಬೆಳಕಿನ ಕಾಳು ಅಲ್ಲೇ ಇತ್ತು.