ಜಯಮ್ಮನ ಅಂಗಡಿಯ ಹಿಪ್ಪೆ

ಹೊಳೆನರಸೀಪುರದ ಬಸ್ ಸ್ಟ್ಯಾಂಡ್ ಪಕ್ಕ ಜಯಮ್ಮನ ಜ್ಯೂಸ್ ಅಂಗಡಿ ಇದೆ. ಅನಾನಸ್ ರಸ ಸೋಸಿದ ಮೇಲೆ ಉಳಿಯುವ ಹಿಪ್ಪೆಯನ್ನು ಅವಳು ನನ್ನ ಹಸುವಿಗೆಂದು ಚೀಲದಲ್ಲಿ ಎತ್ತಿಡುತ್ತಾಳೆ. ಈ ಬೇಸಿಗೆಯಲ್ಲಿ ಹಸಿರು ಮೇವು ಇರಲಿಲ್ಲ. ಆ ಚೀಲ ತಪ್ಪಿದರೆ ಹಾಲೂ ತಪ್ಪುತ್ತಿತ್ತು.

ಮೊನ್ನೆ ಚೀಲಕ್ಕೆಂದು ಹೋದಾಗ ಆಹಾರ ತಜ್ಞರೊಬ್ಬರು ಅಲ್ಲಿ ನಿಂತಿದ್ದರು. ಯಾವುದೋ ತರಬೇತಿಯಲ್ಲಿ ಭಾಷಣ ಮುಗಿಸಿ ಹಾಸನಕ್ಕೆ ಹೊರಟವರು. ಚೀಲ ನೋಡಿ ನೊಂದುಕೊಂಡರು.

“ನಾರಿನಂಶವೆಲ್ಲ ಇದರಲ್ಲೇ ಇದೆಯಮ್ಮ. ಮನುಷ್ಯರು ತಿನ್ನಬೇಕಾದ್ದನ್ನ ದನಕ್ಕೆ ಹಾಕ್ತೀರಲ್ಲ!”

ಜಯಮ್ಮ ನನ್ನತ್ತ ತಿರುಗಿದಳು. “ಕೇಳಿಸ್ಕಂಡ್ಯಾ ಅಣ್ಣ? ನಾಳಿಂದ ಬರಬ್ಯಾಡ. ಸೋಸ್ದೆ ಅಂಗೇ ಮಾರ್ತೀನಿ.”

ಅವಳು ಸೋಸದ ಮೊದಲ ಲೋಟವನ್ನು ತಜ್ಞರಿಗೇ ಕೊಟ್ಟಳು. “ಮದ್ಲು ನೀವೇ ಕುಡೀರಿ ಸಾ.”

ಒಂದು ಗುಟುಕು ಕುಡಿದು ಅವರು ಮುಖ ಕಿವುಚಿದರು.

“ಗಂಟಲಿಗೆ ಸಿಕ್ಕೊಳ್ಳುತ್ತಮ್ಮ. ನನಗೆ ಸ್ವಲ್ಪ ಸೋಸಿಕೊಡಿ.”

ಜಯಮ್ಮ ಜರಡಿ ಎತ್ತಿಕೊಂಡಳು. ಸೋಸಿ, ಹಿಪ್ಪೆಯನ್ನು ನನ್ನ ಚೀಲಕ್ಕೇ ಕೊಡವಿದಳು. “ನಾಳೆನೂ ಬಾ ಅಣ್ಣ” ಅಂದಳು.

ಹಸುವಿಗೆ ನಾನು ಇದನ್ನೆಲ್ಲ ಹೇಳಿಲ್ಲ. ಆರೋಗ್ಯಕ್ಕೆ ಒಳ್ಳೆಯದೆಂದು ಗೊತ್ತಾದರೆ ಅದೂ ತಿನ್ನುವುದು ಬಿಟ್ಟೀತು.