ಸದ್ದಿಲ್ಲದ ಭಾನುವಾರಕ್ಕೆ ಕಾದದ್ದು

ಹೋದ ವಾರ ಟ್ರಂಕಿನಿಂದ ಚಳಿಗಾಲದ ಹೊದಿಕೆಗಳನ್ನೆಲ್ಲ ತೆಗೆದು ಟೆರೇಸಿನ ಬಿಸಿಲಿಗೆ ಹಾಕುತ್ತಿದ್ದೆ. ಎಲ್ಲದರ ತಳದಲ್ಲಿ ಒಂದು ಕೆಂಪು ಲೇಪ್ ಇತ್ತು. ಹತ್ತಿ ತುಂಬಿದ ದಪ್ಪ ರಜಾಯಿಗೆ ಇಲ್ಲಿಯ ಬಂಗಾಳಿಗಳು ಲೇಪ್ ಅನ್ನುತ್ತಾರೆ. ಬಿಡಿಸಿದ ಕೂಡಲೇ ನುಸಿಗುಳಿಗೆಯ ವಾಸನೆಯ ಜೊತೆ ಇನ್ನೊಂದು ವಾಸನೆ ಬಂತು... ಕೀಲುನೋವಿಗೆ ಹಚ್ಚುವ ಎಣ್ಣೆಯದು. ನಮ್ಮ ಮನೆಯಲ್ಲಿ ಆ ಎಣ್ಣೆ ಯಾರೂ ಹಚ್ಚುವುದಿಲ್ಲ. ಅದು ಕೆಳಗಿನ ಮನೆಯ ಮೇಷ್ಟ್ರ ಲೇಪ್. ವಾಪಸ್ ಕೊಡುವುದು ಮರೆತೇಹೋಗಿತ್ತು. ಹಾಗೇ ಅದರ ಪಕ್ಕದಲ್ಲಿ ಕೂತುಬಿಟ್ಟೆ. ಈಚೆಗೆ ಹೀಗೆ ಕೂರುವುದಕ್ಕೆ ನನಗೆ ನೆಪವೂ ಬೇಕಾಗುವುದಿಲ್ಲ.

ಮೇಷ್ಟ್ರು ಮಂಗಳೂರು ಕಡೆಯವರು. ಚಿಕ್ಕ ವಯಸ್ಸಿನಲ್ಲೇ ಇಲ್ಲಿಯ ಶಾಲೆಯೊಂದಕ್ಕೆ ಗಣಿತ ಹೇಳಿಕೊಡಲು ಬಂದು, ಬಾರಾನಗರದ ಆ ಗಲ್ಲಿಯಲ್ಲೇ ಉಳಿದುಬಿಟ್ಟವರು. ನಾನು ಮಹಡಿಯ ಬಾಡಿಗೆ ಮನೆಗೆ ಬಂದ ಹೊಸದರಲ್ಲಿ, ಮೆಟ್ಟಿಲ ಮೇಲೆ ಫೋನಿನಲ್ಲಿ ಅಮ್ಮನ ಜೊತೆ ಜಗಳ ಆಡುತ್ತಿದ್ದುದನ್ನು ಕೇಳಿ, ಮೈಸೂರಿನವಳೇನಮ್ಮ ಎಂದು ವಿಚಾರಿಸಿದರು. ಅಷ್ಟೇ, ಸಂಜೆಗೆ ಅವರ ಹೆಂಡತಿ ಒಂದು ಡಬ್ಬಿ ನೀರುದೋಸೆ ಕಳಿಸಿದರು.

ಆಫೀಸಿನ ತರಬೇತಿ ವಿಡಿಯೊಗಳ ಧ್ವನಿ ಸರಿಮಾಡುವುದು ಆಗಲೂ ನನ್ನ ಕೆಲಸ, ಈಗಲೂ ಅದೇ. ಯಾರೋ ಕೆಮ್ಮಿದ್ದು, ಕುರ್ಚಿ ಎಳೆದದ್ದು, ಏಸಿ ಗುಂಯ್‌ಗುಟ್ಟಿದ್ದು, ಎಲ್ಲವನ್ನೂ ಹುಡುಕಿ ಹುಡುಕಿ ತೆಗೆಯಬೇಕು. ಅದನ್ನು ತಿಳಿದುಕೊಂಡ ಮೇಷ್ಟ್ರು ಒಂದು ಭಾನುವಾರ ಬೆಳಿಗ್ಗೆ ಗಿಟಾರ್ ಹಿಡಿದುಕೊಂಡು ಮೇಲೆ ಬಂದರು. ಎಡಗೈಯನ್ನು ನನ್ನ ಮುಂದೆ ಚಾಚಿದರು. ಕಿರುಬೆರಳು ಆಗಲೇ ಸೊಟ್ಟಗಾಗಿತ್ತು.

“ನನ್ನದು ಅಂತ ಒಂದೇ ಟ್ಯೂನ್ ಉಂಟು ಮಾರಾಯ್ತಿ. ಮಗಳು ಹುಟ್ಟಿದಾಗ ಕಟ್ಟಿದ್ದು. ಬೆರಳು ಹೇಳಿದ್ದು ಕೇಳುವಾಗಲೇ ಒಮ್ಮೆ ಹಿಡಿದು ಇಡು.”

ಒಂದೊಂದೇ ಬೆರಳು ಸೆಟೆದುಕೊಳ್ಳುತ್ತಾ ಹೋಗುತ್ತದೆ, ಔಷಧದಿಂದ ನೋವು ಕಡಿಮೆಯಾಗಬಹುದು ಅಷ್ಟೇ ಎಂದು ಡಾಕ್ಟರು ಹೇಳಿದ್ದನ್ನೂ ಅವತ್ತೇ ತಿಳಿಸಿದರು. ಅಂದರೆ ನನಗೆ ಮೊದಲ ದಿನದಿಂದಲೇ ಎಲ್ಲ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಸುಳ್ಳು ಯಾಕೆ ಹೇಳಲಿ.

ಬೇಕಾದದ್ದು ಬಹಳ ಕಡಿಮೆ. ಚಾಂದನಿ ಮಾರ್ಕೆಟ್ಟಿನಲ್ಲಿ ಕಂಪ್ಯೂಟರಿಗೆ ನೇರವಾಗಿ ಚುಚ್ಚುವ ಒಂದು ಸಾಧಾರಣ ಮೈಕು ತಂದೆ. ಅದಕ್ಕೆ ಸ್ಟ್ಯಾಂಡ್ ಇರಲಿಲ್ಲ, ಮೇಷ್ಟ್ರ ಹಳೆಯ ಗಣಿತದ ಪುಸ್ತಕಗಳನ್ನೇ ಪೇರಿಸಿ ಮೇಲೆ ಇಟ್ಟೆವು. ಗಿಟಾರಿನ ತೂತಿಗೆ ಎದುರಾಗಿ ಇಟ್ಟರೆ ಬರೀ ಗುಡುಗುಡು ಬರುತ್ತದೆ. ಕುತ್ತಿಗೆ ಒಡಲಿಗೆ ಸೇರುವ ಕಡೆಗೆ ಮುಖ ಮಾಡಿ, ಒಂದು ಗೇಣು ದೂರದಲ್ಲಿಡಬೇಕು. ಗೋಡೆಯ ಮಾರ್ದನಿ ತಡೆಯಲು ಅವರ ಮನೆಯ ಲೇಪ್ ತಂದು ಹಗ್ಗಕ್ಕೆ ನೇತುಹಾಕಿದೆ. ಸಾಫ್ಟ್‌ವೇರ್ ಆಫೀಸಿನ ದುಬಾರಿಯದಲ್ಲ, ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಪುಕ್ಕಟೆಯದು. ಇಷ್ಟೆಲ್ಲ ಮಾಡಿ ಪುಕ್ಕಟೆ ಕೊಡುವ ಪುಣ್ಯಾತ್ಮರು ಯಾರು, ಅವರಿಗೊಂದು ಕಾಗದ ಬರೆಯೋಣವೇ ಎಂದು ಮೇಷ್ಟ್ರು ಎರಡು ಸಲ ಕೇಳಿದರು.

ಆ ಮೊದಲ ಭಾನುವಾರ ಅವರು ಟ್ಯೂನನ್ನು ಪೂರ್ತಿ ನುಡಿಸಿದರು. ಮೂರು ನಿಮಿಷವೂ ಇರಲಿಕ್ಕಿಲ್ಲ. ಮೆಲ್ಲಗೆ ಶುರುವಾಗಿ, ಕೊನೆಯ ಭಾಗಕ್ಕೆ ಬರುವಷ್ಟರಲ್ಲಿ ಓಡತೊಡಗುತ್ತಿತ್ತು. ಮಗು ಅಂಬೆಗಾಲು ಬಿಟ್ಟು ನಡೆಯಲು ಕಲಿತಾಗ ಸೇರಿಸಿದ್ದು ಅದು ಎಂದರು. ಒಂದು ತಪ್ಪಿಲ್ಲ, ಒಂದು ತಡವರಿಕೆಯಿಲ್ಲ. ಆದರೆ ನಡುವೆ ಗಲ್ಲಿಯಲ್ಲಿ ಮೀನಿನವನು ಬಂದು ಉದ್ದಕ್ಕೆ ಕೂಗಿದ್ದ. ಇನ್ನೊಂದು ಸಲ ನುಡಿಸಿ ಮೇಷ್ಟ್ರೇ ಎಂದೆ.

“ಅವನೂ ಇರಲಿ ಬಿಡು. ಮಗಳು ಅವನ ಕೂಗು ಕೇಳಿಯೇ ದೊಡ್ಡವಳಾದದ್ದು.”

ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಕಿರಿಕಿರಿಯಾಗುತ್ತದೆ ಎಂದು ನಾನೇ ಹಟ ಹಿಡಿದೆ. ಎರಡನೆಯ ಸಲ ಅವರ ಕೈ ಸೋತಿತ್ತು. ಮುಂದಿನ ವಾರ ನೋಡೋಣ ಎಂದು ಕಳಿಸಿಕೊಟ್ಟೆ. ಫೋಲ್ಡರಿನಲ್ಲಿ ಕಸ ಇರುವುದನ್ನು ಕಂಡರೆ ನನಗಾಗದು. ಮೀನಿನವನ ಕೂಗಿದ್ದ ಆ ಮೊದಲ ರೆಕಾರ್ಡಿಂಗನ್ನೂ ಅಳಿಸಿಹಾಕಿದೆ.

ಅಲ್ಲಿಂದ ಶುರುವಾಯಿತು ನೋಡಿ. ವೈಶಾಖದ ಸೆಕೆಯಲ್ಲಿ ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ಆ ಮುದುಕರನ್ನು ಕೂರಿಸುತ್ತಿದ್ದೆ. ಬೆವರಿಗೆ ಬೆರಳು ಜಾರುತ್ತಿತ್ತು. ದಕ್ಷಿಣೇಶ್ವರದ ಕಡೆ ಮೆಟ್ರೊ ಹೋದರೆ ನಿಲ್ಲಿಸಿ ಎನ್ನುತ್ತಿದ್ದೆ, ಪಕ್ಕದ ಮನೆಯಲ್ಲಿ ಶಂಖ ಊದಿದರೆ ಮತ್ತೆ ಮೊದಲಿಂದ. ದುರ್ಗಾಪೂಜೆ ಹತ್ತಿರ ಬಂದಂತೆ ಪಾಡಾದ, ಅಂದರೆ ನಮ್ಮ ಕೇರಿಯ ಕ್ಲಬ್ಬಿನವರು ಮೈಕು ಕಟ್ಟಿದರು, ಒಂದು ತಿಂಗಳು ಹಾಗೇ ಹೋಯಿತು. ಹತ್ತು ಗಂಟೆಯವರೆಗೆ ಕುಕ್ಕರ್ ಇಡಬೇಡಿ ಆಂಟಿ ಎಂದು ಅವರ ಹೆಂಡತಿಗೂ ಕಟ್ಟಪ್ಪಣೆ ಮಾಡಿದ್ದೆ. ಪಾಪ, ಭಾನುವಾರ ಬೆಳಿಗ್ಗೆ ಒಲೆ ಹಚ್ಚದೆ ಸುಮ್ಮನೆ ಕೂತಿರುತ್ತಿದ್ದರು. ತಾಳ ತಪ್ಪದಿರಲಿ ಎಂದು ಕಿವಿಗೆ ಟಿಕ್ ಟಿಕ್ ಹಾಕಿಕೊಡುತ್ತೇನೆ ಎಂದದ್ದಕ್ಕೆ ಮಾತ್ರ ಮೇಷ್ಟ್ರು ಒಪ್ಪಲಿಲ್ಲ, ಆ ಕೆಲಸಕ್ಕೆ ಮನೆಯಲ್ಲಿ ಹೆಂಡತಿ ಇದ್ದಾಳೆ ಎಂದು ನಕ್ಕರು. ಉಸಿರು ಜೋರಾಯಿತು ಎಂದೂ ಅವರನ್ನು ಬೈದಿದ್ದೇನೆ ನಾನು. ಎಷ್ಟು ಗೋಳು ಹೊಯ್ದುಕೊಂಡೆ... ವಾರವಿಡೀ ಆಫೀಸಿನಲ್ಲಿ ದಣಿದು, ಆ ದಣಿವನ್ನೆಲ್ಲ ಅವರ ಮೇಲೆ ತೀರಿಸಿಕೊಂಡೆನೋ ಏನೋ.

ಒಂದೊಂದು ಭಾನುವಾರ ಒಂದೊಂದು ತುಂಡು ನಿಶ್ಶಬ್ದವಾಗಿ ಸಿಗುತ್ತಿತ್ತು. ಅಷ್ಟನ್ನೇ ಇಟ್ಟುಕೊಂಡು ಉಳಿದದ್ದನ್ನು ಅಳಿಸುತ್ತಿದ್ದೆ.

ಕೊನೆಗೆ ಪೌಷ ಮಾಸದ ಒಂದು ಬೆಳಿಗ್ಗೆ ಆ ಮೌನ ಸಿಕ್ಕಿತು. ಮಂಜು ಕವಿದಿತ್ತು, ಫ್ಯಾನ್ ಬೇಕಿರಲಿಲ್ಲ, ಗಲ್ಲಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಮೇಷ್ಟ್ರು ಬೆರಳಿಗೆ ಎಣ್ಣೆ ತಿಕ್ಕಿಕೊಂಡು, ಚಳಿಗೆ ಹೊದ್ದುಕೊಂಡಿದ್ದ ಲೇಪನ್ನು ಮತ್ತೆ ಹಗ್ಗದ ಮೇಲೆ ಹಾಕಿ ಗಿಟಾರ್ ಎತ್ತಿಕೊಂಡರು. ಉಂಗುರದ ಬೆರಳೂ ಹೋಗಿತ್ತು. ಕೊನೆಯ ಭಾಗವನ್ನು ಒಂದೊಂದೇ ಸ್ವರ ಹುಡುಕಿಕೊಂಡು ನುಡಿಸಿದರು, ಆ ಹುಡುಕಾಟದಲ್ಲಿ ಓಟ ಎಲ್ಲಿಂದ ಬರಬೇಕು. ಮುಗಿದ ಮೇಲೆ ತಂತಿಯ ಮೇಲಿಂದ ಬೆರಳುಗಳನ್ನು ಇನ್ನೊಂದು ಕೈಯಿಂದ ಬಿಡಿಸಿಕೊಂಡರು.

“ಈಗ ನಿನಗೆ ಸದ್ದಿಲ್ಲ, ನನಗೆ ಕೈಯಿಲ್ಲ. ಸಾಕು ಮಾರಾಯ್ತಿ.”

ಕೋಪ ಇರಲಿಲ್ಲ ಆ ದನಿಯಲ್ಲಿ. ಇದ್ದಿದ್ದರೆ ನನಗೆ ಈಗ ಎಷ್ಟೋ ಹಗುರವಾಗುತ್ತಿತ್ತು.

ಮುಂದಿನ ಪೂಜೆಗೆ ಮುಂಚೆಯೇ ಮೇಷ್ಟ್ರು ಹೋದರು. ಹೆಂಡತಿ ಅಲಿಪುರದಲ್ಲಿರುವ ಮಗಳ ಮನೆಗೆ ಸೇರಿಕೊಂಡರು. ಮಗಳು ಕನ್ನಡ ಅರ್ಥಮಾಡಿಕೊಳ್ಳುತ್ತಾಳೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ವರ್ಷ ತುಂಬಿದ ಮೇಲೆ, ತಾನು ಬಸುರಿಯಾಗಿದ್ದಾಗ, ಪಪ್ಪ ನಿಮ್ಮಲ್ಲಿ ಏನೋ ರೆಕಾರ್ಡ್ ಮಾಡಿಸಿದ್ದರಂತಲ್ಲ ಎಂದು ಕೇಳಿದಳು. ತುಂಡುಗಳನ್ನೆಲ್ಲ ತೆಗೆದು ಜೋಡಿಸಿದೆ. ಮೊದಲ ತುಂಡು ಬೇಸಿಗೆಯದು, ನಡುವಿನವು ಮಳೆಗಾಲದವು, ಕೊನೆಯದು ಚಳಿಯದು. ಒಂದು ಚೂರೂ ಸದ್ದಿಲ್ಲ, ಜೋಡಿಸಿದ್ದು ಯಾರಿಗೂ ಗೊತ್ತಾಗದು. ಆದರೆ ಕೇಳುತ್ತಾ ಹೋದಂತೆ ಟ್ಯೂನ್ ನಿಧಾನವಾಗುತ್ತಾ, ನಿಧಾನವಾಗುತ್ತಾ... ಎಂಟು ತಿಂಗಳಲ್ಲಿ ಒಬ್ಬರ ಕೈ ಹೇಗೆ ಹೋಯಿತು ಎನ್ನುವುದು ಮೂರೂವರೆ ನಿಮಿಷದಲ್ಲಿ ಕೇಳಿಸುತ್ತಿತ್ತು. ವೇಗ ಹೆಚ್ಚಿಸುವ ಸೌಲಭ್ಯವೂ ಆ ಪುಕ್ಕಟೆ ಸಾಫ್ಟ್‌ವೇರಿನಲ್ಲಿದೆ. ಹೆಚ್ಚಿಸಿ ನೋಡಿದೆ. ಯಾವುದೋ ಆಟಿಕೆ ನುಡಿದ ಹಾಗಿತ್ತು. ಮೊದಲಿನಂತೆಯೇ ಮಾಡಿ ಕಳಿಸಿದೆ.

ಅವಳ ಉತ್ತರ ಮಾರನೆಯ ದಿನ ಬಂತು. ಪಪ್ಪ ಕೊನೆಯ ಭಾಗವನ್ನು ಯಾವಾಗಲೂ ಓಡಿಸುತ್ತಿದ್ದರು, ಇಲ್ಲಿ ಇಷ್ಟು ನಿಧಾನ ಮಾಡಿದ್ದು ಬೇಕೆಂದೇ ಮಾಡಿದ್ದೇ ಎಂದು ಕೇಳಿದ್ದಳು. ಮೂರನೆಯ ದಿನ, ಹೌದು, ಹಾಗೇ ಇರಲಿ ಎಂದರು ಅಂತ ಬರೆದೆ.

ಈಗ ಅವಳ ಮಗುವಿಗೆ ಎರಡು ವರ್ಷ. ದಿನಾ ಅದನ್ನು ಹಾಕಿದರೇ ಮಲಗುವುದಂತೆ, ಕೊನೆಯ ನಿಧಾನ ಬರುವಷ್ಟರಲ್ಲಿ ನಿದ್ದೆಯಂತೆ. ಅದಕ್ಕೆ ಅಜ್ಜನ ಟ್ಯೂನ್ ಎಂದರೆ ಅದೇ. ಆ ಟ್ಯೂನ್ ಓಡುತ್ತಿದ್ದುದನ್ನು ಕೇಳಿದವರು ಈಗ ನಾವು ಮೂವರು ಹೆಂಗಸರು, ಮೂವರಲ್ಲಿ ಒಬ್ಬರಿಗೂ ಗಿಟಾರ್ ಬರುವುದಿಲ್ಲ.